ಏಳಿಂಚಿನ ಸುತ್ತಳತೆ

ಲತಾಮಣಿ ಕರಿಹಲಗೆಯ ಮೇಲೆ ವೃತ್ತ ಎಳೆದು, ನಡುವೆ ಅಡ್ಡಗೆರೆ ಹಾಕಿ ‘ವ್ಯಾಸ ಏಳು ಸೆಂ.ಮೀ.’ ಎಂದು ಬರೆಯುವಷ್ಟರಲ್ಲೇ ಹಿಂದಿನ ಬೆಂಚಿನಲ್ಲಿ ಆಕಳಿಕೆ ಶುರುವಾಗಿತ್ತು. ಜಾವಗಲ್ಲಿನ ಆ ಶಾಲೆಯಲ್ಲಿ ಊಟದ ನಂತರದ ಗಣಿತ ಯಾರಿಗೆ ತಾನೇ ಬೇಕು? ಅವಳಿಗೂ ಬೇಕಿರಲಿಲ್ಲ. ಅರಸೀಕೆರೆಯ ಹೊಸ ಮನೆಯಲ್ಲಿ ಅತ್ತೆಯ ಜೊತೆ ಬಿಟ್ಟುಬಂದ ಮಗನ ಕಡೆಗೇ ಜೀವ ಎಳೆಯುತ್ತಿತ್ತು.

“ವ್ಯಾಸವನ್ನ ಇಪ್ಪತ್ತೆರಡರಿಂದ ಗುಣಿಸಿ, ಏಳರಿಂದ ಭಾಗಿಸಿ. ಸುತ್ತಳತೆ ಎಷ್ಟು ಬಂತು?”

“ಇಪ್ಪತ್ತೆರಡು, ಮೇಡಂ,” ಎಂದಳು ಮುಂದಿನ ಸಾಲಿನ ಹುಡುಗಿ. ಉತ್ತರ ಅವಳಿಗೇ ಒಪ್ಪಿಗೆಯಾಗಲಿಲ್ಲ. “ಅಗಲ ಏಳೇ ಐತೆ. ಸುತ್ತ ಅಷ್ಟೊಂದು ಎಂಗಾಯ್ತದೆ ಮೇಡಂ?”

“ನೋಡೋಕೆ ಸಣ್ಣದು ಕಣೇ. ದಾರ ಸುತ್ತಿ ನೋಡು, ಗೊತ್ತಾಗುತ್ತೆ.” ನಗುತ್ತಾ ಹೇಳಿದವಳ ನಗು ಅಲ್ಲೇ ನಿಂತಿತು.

ಹೊಸ ಮನೆಯ ಹಿತ್ತಲಿನಲ್ಲಿ ಕೊರೆಸಿದ ಬೋರು ಫೇಲಾಗಿತ್ತು. ಹೊಸ ಪೈಪು ಮಣ್ಣಿನಲ್ಲಿ ಯಾಕೆ ಕೊಳೆಯಬೇಕೆಂದು ಗಂಡ ಧರ್ಮೇಶ್ ನಿನ್ನೆ ಗುಂಡಿಗೆ ಇಳಿಸಿದ್ದ ಕೇಸಿಂಗ್ ಪೈಪನ್ನೂ ಹೊರಗೆ ಎಳೆಸಿಬಿಟ್ಟಿದ್ದ. ಗುಂಡಿ ಮುಚ್ಚಲು ಭಾನುವಾರ ಆಳು ಬರುತ್ತಾನಂತೆ, ಅಲ್ಲಿಯತನಕ ಮೇಲೊಂದು ತೆಂಗಿನ ಗರಿ ಸಾಕಂತೆ. ಅವಳು ಮಗುವಿನ ಮಾತೆತ್ತಿದ್ದಕ್ಕೆ ಕುಕ್ಕರಗಾಲಲ್ಲಿ ಕೂತು, ಗುಂಡಿಯ ಬಾಯಿಯ ಮೇಲೆ ಕೈಬೆರಳು ಅಗಲಿಸಿ ತೋರಿಸಿದ್ದ: “ಏಳೇ ಇಂಚು ಕಣೇ, ಒಂದು ಗೇಣೂ ಇಲ್ಲ. ಬೆಕ್ಕಿನ ಮರೀನೂ ಇಳಿಯಲ್ಲ.”

ಅವಳಿಗೂ ಸರಿಯೆನಿಸಿತ್ತು. ಹೋದ ವಾರವಷ್ಟೇ ಅಂಗಿ ಹೊಲಿಯಲು ಮಗ ಸಮ್ಯಕ್‌ನ ಎದೆಗೆ ಟೇಪು ಹಿಡಿದಿದ್ದಳು, ಇಪ್ಪತ್ತು ಇಂಚು. ಇಪ್ಪತ್ತು ಇಂಚಿನ ಮಗು ಏಳು ಇಂಚಿನಲ್ಲಿ ಹೇಗೆ ಹಿಡಿದೀತು? ಎದೆಯದು ಸುತ್ತಳತೆ, ಗುಂಡಿಯದು ಅಡ್ಡಳತೆ. ಗಣಿತದ ಮೇಡಂ ಎರಡನ್ನೂ ಒಂದೇ ಎಂದುಕೊಂಡು ನಿಶ್ಚಿಂತೆಯಾಗಿ ಬಸ್ಸು ಹತ್ತಿದ್ದಳು!

ಇಪ್ಪತ್ತು ಇಂಚಿನ ಮಗು. ಇಪ್ಪತ್ತೆರಡು ಇಂಚಿನ ಬಾಯಿ.

ಮಕ್ಕಳು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿರುವಾಗಲೇ ಹೊರಗೋಡಿ, ರಸ್ತೆ ದಾಟಿ ಎಸ್‌ಟಿಡಿ ಬೂತಿಗೆ ನುಗ್ಗಿದಳು. ಅವಸರಕ್ಕೆ ನಂಬರು ತಪ್ಪಿತು. ಮತ್ತೆ ಒತ್ತಿದಳು. ಅತ್ತೆ ಹನುಮಮ್ಮ ಎಷ್ಟೋ ಹೊತ್ತಿಗೆ ಎತ್ತಿಕೊಂಡರು.

“ಅತ್ತೆ, ಮಗು ಎಲ್ಲಿ?”

“ಹಿತ್ಲಾಗವ್ನೆ ಕಣವ್ವ. ಗರಿ ಎಳ್ಕೊಂಡು ಗಾಡಿ ಆಟ ಆಡ್ತಿದ್ದ.”

“ಹೋಗಿ ಎತ್ಕೊಳಿ ಅತ್ತೆ, ಮೊದ್ಲು ಎತ್ಕೊಳಿ! ಫೋನ್ ಕಟ್ ಮಾಡ್ಬೇಡಿ, ಹಂಗೇ ಇರ್ಲಿ.”

ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದಾಯಿತು. “ಸಮ್ಯಾ, ಲೋ ಸಮ್ಯಾ” ಎಂದು ಕರೆಯುತ್ತಾ ಅತ್ತೆಯ ದನಿ ದೂರವಾಯಿತು. ಲತಾಮಣಿ ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು.

ಅತ್ತೆ ತಿರುಗಿ ಬಂದರು. ದನಿಯಲ್ಲಿ ನಗುವಿತ್ತು.

“ಬಲೇ ಕಳ್ಳ ಕಣವ್ವ ನಿನ್ನ ಮಗ. ಎಲ್ಲೋ ಬಚ್ಚಿಟ್ಕೊಂಡವ್ನೆ. ‘ಅಜ್ಜೀ, ಅಜ್ಜೀ’ ಅಂತ ಕೂಗ್ತಾನೇ ಅವ್ನೆ. ಇಲ್ಲೇ ಕಾಲ ಬುಡ್ದಾಗೇ ಕೇಳ್ದಂಗಾಯ್ತದೆ, ಹುಡುಕುದ್ರೆ ಎಲ್ಲೂ ಇಲ್ಲ.”

ಗಾಜಿನಾಚೆ ಅರಸೀಕೆರೆ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲು ತೆರೆದ, ಯಾರೂ ಹತ್ತದ್ದನ್ನು ನೋಡಿ ಮತ್ತೆ ಹಾಕಿಕೊಂಡ.