ಒಂದು ಮಾತೂ ಬಿಡದೆ

ಕುರ್ಚಿ ಹಾಕಲು ಜಾಗ ಸಾಲದೆ ಮಗಳು ಅಮ್ಮನ ಶೀಘ್ರಲಿಪಿ ಯಂತ್ರವನ್ನು ಸ್ಟ್ಯಾಂಡು ಸಮೇತ ಎತ್ತಿ ಒಳಕೋಣೆಗೆ ಸಾಗಿಸುತ್ತಿದ್ದಳು. ಅಮ್ಮನ ದೇಹವನ್ನು ನಡುಮನೆಯಲ್ಲಿ ಮಲಗಿಸಿದ್ದರು. ಕೋರ್ಟಿನಲ್ಲಿ, ಕಾಲೇಜಿನಲ್ಲಿ ಊರವರ ಮಾತನ್ನೆಲ್ಲ ಬೆರಳಲ್ಲಿ ಹಿಡಿದವಳು ಮನೆಯಲ್ಲಿ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ ಎಂದು ಪಕ್ಕದ ಮನೆಯಾಕೆ ಯಾರಿಗೋ ಹೇಳುತ್ತಿದ್ದಳು.

ಬಾಗಿಲಲ್ಲಿ ಅಪರಿಚಿತ ಹೆಂಗಸೊಬ್ಬಳು ನಿಂತಳು. ಯಾರು ಬೇಕಿತ್ತೆಂದು ಸೋದರಮಾವ ಎರಡು ಸಲ ಕೇಳಿದ. ಆಕೆ ಅವನ ಪೊದೆಮೀಸೆಯ ಮರೆಯ ತುಟಿಯನ್ನು ಓದಲು ದಿಟ್ಟಿಸಿ ಸೋತು, ಕೊಂಚ ಒಡೆದ ದನಿಯಲ್ಲಿ, "ನನಗೆ ಕಿವಿ ಕೇಳ್ಸಲ್ಲ. ಡಾಕ್ಟರು ನಾನು. ಓದುವಾಗ ಇವರೇ ನನ್ನ ಕಿವಿ" ಎಂದಳು.

*

ಆಗ ಅಮ್ಮ ಮೆಡಿಕಲ್ ಕಾಲೇಜಿನಲ್ಲಿ ಆ ಹುಡುಗಿಯ ಪಕ್ಕ ಕೂರುತ್ತಿದ್ದಳು. ನಾಲ್ಕಾರು ಗುಂಡಿ ಒಟ್ಟಿಗೆ ಒತ್ತಿದರೆ ಒಂದು ಪದ. ಮೇಷ್ಟ್ರ ಬಾಯಿಂದ ಮಾತು ಬೀಳುವುದೇ ತಡ, ಹುಡುಗಿಯ ಮುಂದಿನ ಪರದೆಯಲ್ಲಿ ಮೂಡುತ್ತಿತ್ತು.

ಒಂದು ದಿನ ಮೇಷ್ಟ್ರು ಪಾಠದ ನಡುವೆ ಮುಂದಿನ ಸಾಲಿನವರತ್ತ ಬಾಗಿ, ಎದೆಬಡಿತ ಕೇಳಿಸದವಳು ಡಾಕ್ಟರಾಗಿ ಯಾರನ್ನು ಉದ್ಧಾರ ಮಾಡುತ್ತಾಳೆ, ಸೀಟು ದಂಡ ಎಂದರು. ಅಮ್ಮನ ಬೆರಳು ಒಂದು ಗಳಿಗೆ ನಿಂತವು. ಆಮೇಲೆ ಅದನ್ನೂ ಒತ್ತಿದವು.

ಹುಡುಗಿ ಓದಿದಳು. ಎದ್ದು ನಿಂತು, ಬಡಿತವನ್ನು ಪರದೆಯ ಮೇಲೆ ತೋರಿಸುವ ಸ್ಟೆತಸ್ಕೋಪು ತರಿಸಿಕೊಂಡಿದ್ದೇನೆ, ನಿಮ್ಮ ಎದೆಯನ್ನೇ ಮೊದಲು ನೋಡಲೇ ಎಂದು ಕೇಳಿದಳು.

ಆ ಸಂಜೆ ಊಟ ಬಡಿಸುತ್ತ ಅಮ್ಮ ನಡೆದದ್ದನ್ನು ಎರಡೇ ಮಾತಲ್ಲಿ ಹೇಳಿದಳು. ಅಂಥ ಮಾತನ್ನು ಒತ್ತದೆ ಬಿಡಬಾರದಿತ್ತೆ ಎಂದು ಅಪ್ಪ ಗದರಿದ.

"ಎಲ್ರಿಗೂ ಕೇಳಿಸ್ತು. ಅವಳೊಬ್ಬಳಿಗೆ ಬೇಡ ಅನ್ನೋಕೆ ನಾನ್ಯಾರು?" ಎಂದಳು ಅಮ್ಮ.

ಮೇಷ್ಟ್ರು ಅಮ್ಮನ ಬದಲು ಬೇರೆಯವರನ್ನು ಕರೆಸಲು ಹೇಳಿದರು. ಇವರಿಲ್ಲದೆ ತರಗತಿಗೆ ಕಾಲಿಡುವುದಿಲ್ಲವೆಂದು ಹುಡುಗಿ ಹಟ ಹಿಡಿದಳು. ಕೊನೆಯ ಪರೀಕ್ಷೆಯವರೆಗೂ ಅಮ್ಮ ಆ ಕುರ್ಚಿ ಬಿಡಲಿಲ್ಲ.

*

ಡಾಕ್ಟರು ಅಮ್ಮನ ಕೈ ಮುಟ್ಟಿ ನಮಸ್ಕರಿಸಿದಳು. ಬಂದು ಕೂತ ಮೇಲೆ, "ಅವರ ದನಿ ಹೇಗಿತ್ತು ಅಂತ ನಂಗೆ ಗೊತ್ತೇ ಇಲ್ಲ" ಎಂದಳು.

ಮಗಳು ಅವಳತ್ತ ತಿರುಗಿ, ನಿಧಾನವಾಗಿ, "ನಮಗೂ ಅಷ್ಟಕ್ಕಷ್ಟೇ" ಎಂದಳು.

ಒಯ್ಯುವ ಮುನ್ನ ಮಾವ ನಾಲ್ಕು ಮಾತಾಡಲು ಎದ್ದ. ಡಾಕ್ಟರು ಸುತ್ತಲಿನವರ ಮುಖ ನೋಡುತ್ತ ಕೂತಿದ್ದಳು. ಮಗಳು ಫೋನು ತೆಗೆದು, ಅವಳ ಪಕ್ಕಕ್ಕೆ ಸರಿದು, ಮಾವನ ಮಾತನ್ನು ಒಂದೇ ಬೆರಳಲ್ಲಿ ಒತ್ತತೊಡಗಿದಳು.

"ಚಿಕ್ಕೋನಿದ್ದಾಗ ಪಕ್ಕದ ಮನೆ ಕಿಟಕಿ ಒಡೆದು, ಬಾಯಿ ಬಿಡಬೇಡ ಅಂತ ಅಕ್ಕನಿಗೆ ಮಿಠಾಯಿ ಕೊಟ್ಟಿದ್ದೆ. ಅಪ್ಪ ಕೇಳಿದ್ರು. ಕಿಟಕಿ ವಿಷಯಾನೂ ಹೇಳಿದ್ಳು, ಮಿಠಾಯಿ ವಿಷಯಾನೂ ಹೇಳಿದ್ಳು."

ಜನ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ಮಗಳ ಬೆರಳು ಇನ್ನೂ ಕಿಟಕಿಯ ಮಾತನ್ನೇ ಒತ್ತುತ್ತಿತ್ತು. ಉಳಿದವರ ನಗು ನಿಂತಿತು. ಆಗ ಫೋನಿನಲ್ಲಿ ಮಿಠಾಯಿಯವರೆಗೆ ಓದಿ ಡಾಕ್ಟರು ಒಬ್ಬಳೇ ಗಟ್ಟಿಯಾಗಿ ನಕ್ಕಳು. ಆ ನಗು ಮುಗಿಯುವವರೆಗೆ ಮಾವ ಕಾದ. ಆಮೇಲೆ ಮಗಳ ಬೆರಳನ್ನೇ ನೋಡಿಕೊಂಡು, ಮುಂದಿನ ಮಾತನ್ನು ಒಂದೊಂದೇ ಪದವಾಗಿ ಆಡತೊಡಗಿದ.