ಕೈ ಹಾಕೋ ಹಾಗಿಲ್ಲ

ಕೊನೆಯ ಸೋಲಾರ್ ಪ್ಯಾನಲ್ಲಿನ ಕೆಳ ಅಂಚಿನಲ್ಲಿ, ನೀಲಿ ಗಾಜಿನ ಮೇಲೆ ಕಪ್ಪಗೆ ಏನೋ, ಎರಡು ಹಿಡಿಯ ಪಾತ್ರೆಯಂಥದ್ದು, ಮೋಡದ ಬಿಂಬವೋ ಏನೋ — ಇರಲಿ, ಈಗ ಮುಖ್ಯ ಅದಲ್ಲ, ಜೀರಿಗೆಯ ಕೈಯಲ್ಲಿರುವ ಮೀಟರು, ಅದು ಏರುತ್ತಿಲ್ಲ ಯಾಕೆ, ಉಳಿದ ಪ್ಯಾನಲ್ಲುಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಒಂದೇ ಅಂಕಿ ತೋರಿಸಿದವು, ಇದೊಂದು ಮಾತ್ರ ಅರ್ಧಕ್ಕೇ ನಿಂತು ಮುಖ ಊದಿಸಿಕೊಂಡಿದೆ. ಜೀರಿಗೆ ಎಂದು ಹೆಸರಿಟ್ಟವರು ತರಬೇತಿಯ ಗೆಳತಿಯರೇ, ಅವಳ ಗಾತ್ರ ನೋಡಿ, ಆದರೆ ಬೋಲ್ಟು ಬಿಗಿಯಲು ಕೂತಳೆಂದರೆ ಆ ಕಡ್ಡಿ ತೋಳಿಗೆ ಎಲ್ಲಿಂದ ಬರುತ್ತದೋ ಬಲ, ಕಲಿಸಿದ ಮೇಡಂ ತಾನೇ, ತಂತಿ ಸುಲಿಯುವುದರಿಂದ ಹಿಡಿದು, ಬಿಸಿಲಿರುವಷ್ಟು ಹೊತ್ತು ಪ್ಯಾನಲ್ಲು ಜೀವ ಇರೋ ಹಾವು ಕಣ್ರೇ, ಮುಟ್ಟೋ ಮುಂಚೆ ಹೊದಿಕೆ ಹಾಕಿ ಎನ್ನುವವರೆಗೆ ಎಲ್ಲವನ್ನೂ, ಹಾಗಿದ್ದರೆ ತಪ್ಪಿದ್ದು ಎಲ್ಲಿ, ಜೋಡಣೆ ಸಡಿಲವಾಯಿತೇ, ತಂತಿ ಅದಲುಬದಲಾಯಿತೇ, ಇಲ್ಲ, ತಾನೇ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದಾಳಲ್ಲ, ಬೆಳಿಗ್ಗೆಯಿಂದ ಒಂದು ಗಳಿಗೆ ಕೂತಿಲ್ಲ. ಅತ್ತ ಏಣಿಯ ಬಳಿ ಗುತ್ತಿಗೆದಾರ, ಮೊಬೈಲು ನೋಡುವವನ ಹಾಗೆ ನಟಿಸುತ್ತ ಓರೆಗಣ್ಣಲ್ಲಿ ಇತ್ತಲೇ ನೋಡುತ್ತಿದ್ದಾನೆ, ಮೊದಲೇ ಹೇಳಿದ್ದ, ನೋಡಿ ಮೇಡಂ, ಈ ಮನೆ ಕೆಲಸ ನಿಮ್ಮ ಹುಡುಗೀರೇ ಮುಗಿಸಲಿ, ಸರಿಯಾಗಿ ಬಂದ್ರೆ ಎಲ್ಲರನ್ನೂ ಕೆಲಸಕ್ಕೆ ತಗೋತೀನಿ, ಆದ್ರೆ ನೀವು ಕೈ ಹಾಕೋ ಹಾಗಿಲ್ಲ, ನಾಳೆ ಪ್ರತಿ ಮಾಳಿಗೆಗೂ ನೀವು ಬರೋಕಾಗುತ್ತಾ. ನ್ಯಾಯದ ಮಾತೇ, ಅದಕ್ಕೇ ಮೈ ಉರಿಯುವುದು.

ಕೆಳಗೆ ಉಳಿದ ಹುಡುಗಿಯರು ಇನ್ವರ್ಟರಿನ ಸುತ್ತ ಉಸಿರು ಬಿಗಿಹಿಡಿದು ಕೂತಿದ್ದಾರೆ, ಮೇಲಿಂದ ಸರಿ ಎಂಬ ಕೂಗು ಬರಲಿ ಎಂದು, ಅವರೆಲ್ಲರ ಕೆಲಸ ಇವತ್ತು ಈ ಚೋಟುದ್ದದ ಹುಡುಗಿಯ ಕೈಯಲ್ಲಿದೆ, ಮತ್ತು ಈ ಹುಡುಗಿಗೆ ಇದು ತಪ್ಪಿದರೆ ಅಣ್ಣ ಕಾದೇ ಇದ್ದಾನೆ, ಸಾಕು ನಿನ್ನ ಸೂರ್ಯನ ಸಹವಾಸ, ಚಿಕ್ಕಪ್ಪನ ಅಂಗಡೀಲಿ ಗಲ್ಲಾ ಮೇಲೆ ಕೂತ್ಕೋ, ನೆರಳಾದ್ರೂ ಇರುತ್ತೆ. ನೆರಳು — ಹೌದಲ್ಲ, ನೆರಳು ನೋಡಬೇಕು ಮೊದಲು, ತರಗತಿಯಲ್ಲಿ ತಾನೇ ಬಾಯಿ ನೋಯುವಷ್ಟು ಹೇಳಿದ್ದಾಳೆ, ಅಂಗೈಯಗಲ ನೆರಳು ಬಿದ್ರೂ ಪ್ಯಾನಲ್ಲು ಮಂಕಾಗುತ್ತೆ, ಅವಳು ಕಣ್ಣು ಕಿರಿದಾಗಿಸಿ ಸುತ್ತ ನೋಡುತ್ತಾಳೆ, ನೀರಿನ ಟ್ಯಾಂಕು ಆ ಮೂಲೆಯಲ್ಲಿ, ಅದರ ನೆರಳು ಅದರ ಹಿಂದೆಯೇ, ಬಟ್ಟೆ ಒಣಹಾಕುವ ತಂತಿ ದೂರ, ಪಕ್ಕದ ಮನೆಯ ಗೋಡೆ ಗಿಡ್ಡ, ಇಳಿಬಿಸಿಲು ತನ್ನ ಬೆನ್ನಿಗೆ ಚುರುಚುರು ಎನ್ನುತ್ತಿದೆ, ಅಡ್ಡ ಏನೂ ಇಲ್ಲ. ಬಟ್ಟೆ ಒಣಹಾಕುವ ತಂತಿ, ತನ್ನ ಅಮ್ಮ ಹೇಳುತ್ತಿದ್ದಳು, ಹೆಣ್ಣುಮಕ್ಳು ಮಾಳಿಗೆ ಹತ್ತೋದು ಬಟ್ಟೆ ಒಣಗಿಸೋಕೆ ಕಣೇ, ಬಿಸಿಲು ಹಿಡಿಯೋಕಲ್ಲ, ಆದರೂ ಮೊದಲ ದಿನ ಅಪ್ಪನ ಹಳೇ ಪ್ಯಾಂಟನ್ನು ಅಳತೆಗೆ ಕತ್ತರಿಸಿ ಹೊಲಿದುಕೊಟ್ಟವಳೂ ಅಮ್ಮನೇ, ಆ ಪ್ಯಾಂಟು ಹಾಕಿಕೊಂಡು ತಾನು ಕೆಲಸ ಕಲಿಯಲು ಮೇಸ್ತ್ರಿಯ ಹಿಂದೆ ಏಣಿ ಹತ್ತಿದ್ದು. ಮೇಸ್ತ್ರಿ ಒಳ್ಳೆಯವರು, ಒಳ್ಳೆಯವರಾದ್ದರಿಂದಲೇ ಬೈಯುವ ಹಾಗೂ ಇಲ್ಲ, ಅವಳು ಸ್ಪ್ಯಾನರು ಹಿಡಿದರೆ ಸಾಕು, ತಮ್ಮ ಸೊಂಟಕ್ಕೆ ಎರಡೂ ಕೈ ಕೊಟ್ಟು ಬೆನ್ನ ಹಿಂದೆ ಬಂದು ನಿಲ್ಲುವರು, ಹಾಗೆ ನಿಂತರೆಂದರೆ ಗೊತ್ತಿದ್ದದ್ದೂ ಮರೆತುಹೋಗುತ್ತಿತ್ತು, ಆಮೇಲೆ ಭುಜದ ಮೇಲಿಂದ ಒಂದು ಕೈ ಇಳಿದುಬರುವುದು, ಕೊಡಮ್ಮ ಇಲ್ಲಿ, ಕೈ ನೋವಾಗುತ್ತೆ. ಯಾವ ಬೋಲ್ಟಿಗೆ ಯಾವ ಸ್ಪ್ಯಾನರು ಎಂದು ದೂರದಿಂದಲೇ ಹೇಳಬಲ್ಲಳು, ಆದರೆ ಒಂದು ಬೋಲ್ಟನ್ನೂ ತಾನೇ ಬಿಗಿದಿರಲಿಲ್ಲ, ಅವರು ಜ್ವರ ಬಂದು ಮಲಗಿದ ದಿನ ಒಬ್ಬಳೇ ಮಾಳಿಗೆ ಹತ್ತಿ ಬಿಗಿದಳು, ಅಂಗೈ ಬೊಬ್ಬೆ ಎದ್ದಿತ್ತು, ಅಮ್ಮನಿಗೆ ತೋರಿಸಿ ನಕ್ಕಿದ್ದಳು, ನೋಡೇ ನೋಡೇ ಎಂದು.

ಮೀಟರು ಇನ್ನೂ ಅಲ್ಲೇ. ಜೀರಿಗೆ ಒಮ್ಮೆ ಅಲುಗಿಸಿ ನೋಡಿದಳು, ಗುತ್ತಿಗೆದಾರ ಮೊಬೈಲು ಜೇಬಿಗಿಳಿಸಿದ, ಅಂದರೆ ಬರುತ್ತಾನೆ, ಬಂದು ತಲೆಯಾಡಿಸುತ್ತಾನೆ, ಹೋಗಲಿ ಬಿಡಿ ಮೇಡಂ ಎನ್ನುತ್ತಾನೆ, ಆ ಹೋಗಲಿ ಬಿಡಿಯನ್ನು ಎಷ್ಟು ಮಾಳಿಗೆಗಳ ಮೇಲೆ ಕೇಳಿಲ್ಲ ಅವಳು, ಅಷ್ಟರೊಳಗೆ ಒಂದೇ ಒಂದು ಸಲ ಮೀಟರು ತನ್ನ ಕೈಗೆ ಸಿಕ್ಕರೆ ಸಾಕು, ಒಂದೇ ನೋಟಕ್ಕೆ ಹಿಡಿದುಬಿಡುತ್ತೇನೆ, ಅವನಿಗೆ ಬೆನ್ನು ಅಡ್ಡ ಮಾಡಿಕೊಂಡರೆ ಕಾಣುವುದೂ ಇಲ್ಲ, ಬೆರಳು ತುರಿಸುತ್ತಿದೆ, ನಾಲಿಗೆಯ ತುದಿಗೆ ಬಂದಿದೆ ಮಾತು, ಕೊಡಮ್ಮ ಇಲ್ಲಿ — ಅಯ್ಯೋ, ಇದು ಯಾರ ಮಾತು, ಯಾರ ಬಾಯಲ್ಲಿ, ನುಂಗಿಕೋ, ನುಂಗಿಕೊಂಡಳು, ಕೈಗಳನ್ನು ಸೊಂಟಕ್ಕೆ ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡಳು, ಅವು ಓಡಿಹೋಗದಿರಲಿ ಎಂದು. ಜೀರಿಗೆ ಮೀಟರು ಬಿಟ್ಟು ಗಾಜನ್ನೇ ನೋಡುತ್ತಿದ್ದಾಳೆ, ತಲೆ ಓರೆ ಮಾಡಿ, ಒಮ್ಮೆ ಗಾಜು, ಒಮ್ಮೆ ಆಕಾಶ, ಆಮೇಲೆ ತಿರುಗಿ ಇವಳನ್ನು, ಕಾಲಿನಿಂದ ತಲೆಯವರೆಗೆ, ಯಾಕೆ ಹೀಗೆ ನೋಡುತ್ತಾಳೆ, ಅಕ್ಕಾ, ಏನು, ತಪ್ಪು ತಿಳ್ಕೋಬೇಡಿ, ಹೇಳೇ, ಸ್ವಲ್ಪ ಪಕ್ಕಕ್ಕೆ ಬರ್ತೀರಾ, ಬಿಸಿಲಿಗೆ ಅಡ್ಡ ನಿಂತಿದೀರಿ. ಅಡ್ಡವೇ, ನಾನೇ, ಎಲ್ಲಿ — ನೀಲಿ ಗಾಜಿನ ಮೇಲೆ ಆ ಎರಡು ಹಿಡಿಯ ಪಾತ್ರೆ, ಮೇಲೊಂದು ಗುಂಡು ಮುಚ್ಚಳ, ಅದು ತನ್ನ ಹೆಲ್ಮೆಟ್ಟು, ಅವಳು ಸೊಂಟದಿಂದ ಒಂದು ಕೈ ತೆಗೆದಳು, ಪಾತ್ರೆಯ ಒಂದು ಹಿಡಿ ಉದುರಿತು, ಇನ್ನೊಂದು ಕೈ, ಇನ್ನೊಂದು ಹಿಡಿ, ನಾಚಿಕೆಯೂ ನಗುವೂ ಒಟ್ಟಿಗೇ ನುಗ್ಗಿ ಕಣ್ಣು ತುಂಬಿತು, ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು, ಮೀಟರಿನ ಅಂಕಿ ಸರಸರ ಏರಿ ಅಕ್ಕತಂಗಿಯರ ಸಾಲಿಗೆ ಬಂದು ನಿಂತಿತು. ಏನಾಯ್ತು ಮೇಡಂ, ಗುತ್ತಿಗೆದಾರ ಕೇಳಿದ್ದು ಇವಳನ್ನು, ಇವಳು ಬಾಯಿ ತೆರೆಯುವಷ್ಟರಲ್ಲಿ ಜೀರಿಗೆಯೇ ಎದ್ದು ನಿಂತು, ಏನಿಲ್ಲ ಸಾರ್, ನೆರಳಿತ್ತು, ತೆಗೆಸಿದೆ ಎಂದಳು, ಕೆಳಗೆ ಬಗ್ಗಿ ಸರಿ ಎಂದು ಕೂಗಿದಳು, ಹುಡುಗಿಯರ ಗಲಾಟೆ ಮಾಳಿಗೆಯವರೆಗೂ ಬಂತು, ಗುತ್ತಿಗೆದಾರ ಏನೋ ಹೇಳುತ್ತಿದ್ದಾನೆ, ಸೋಮವಾರ, ಎಲ್ಲರೂ, ಎಂದು ಏನೋ, ಕೇಳಿಸಿಕೊಳ್ಳಬೇಕು, ಕೇಳಿಸಿಕೊಳ್ಳುತ್ತಾಳೆ, ಒಂದು ಗಳಿಗೆ — ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಅವಳು ಗಾಜಿನ ಆ ಬರಿದಾದ ನೀಲಿ ಅಂಚನ್ನೇ ನೋಡುತ್ತಿದ್ದಾಳೆ, ಪಾತ್ರೆ, ಎರಡು ಹಿಡಿಯ ಪಾತ್ರೆ, ಮುಚ್ಚಳ ಸಮೇತ.