ಮಗ್ಗದ ಮೊದಲ ಖಣ

ಬನದ ಹುಣ್ಣಿಮೆಯ ಮರುದಿನ ಮುಂಜಾನೆ ನೀಲಾಂಬಿಕಾ ಎಳೆಬಿಸಿಲಿಗೆ ಬೆನ್ನು ಕೊಟ್ಟು ವರಾಂಡದಲ್ಲಿ ಕುಳಿತು ಹಿಂದಿನ ಸಂಜೆಯ ಉಡಿಯ ಗಂಟು ಬಿಚ್ಚಿದಳು. ನಾಗಪುರದ ಅಜನಿ ರೈಲ್ವೆ ಕ್ವಾರ್ಟರ್ಸಿನ ಮೇಲೆ ಇನ್ನೂ ಮಂಜು ಕೂತಿತ್ತು. ಮಂಜಿನ ಆಚೆ ಎಲ್ಲೋ ಒಂದು ಇಂಜಿನ್ನು ನಿಂತಲ್ಲೇ ಉಸಿರು ಬಿಡುತ್ತಿತ್ತು. ಪಕ್ಕದಲ್ಲಿ ಕೆಂಡದ ಶೆಗಡಿ, ಅದರ ಮೇಲೆ ಚಹಾದ ಪಾತ್ರೆ. ವರ್ಷದಲ್ಲಿ ಇಂಥ ಮುಂಜಾವುಗಳು ಎಣಿಸಿದಷ್ಟೇ ಸಿಗುತ್ತವೆ. ಬೇಸಿಗೆಯಲ್ಲಿ ಮೈಸುಡುವ ಇದೇ ನಾಗಪುರದಲ್ಲಿ ಪರಮಾತ್ಮ ಪುಷ್ಯಮಾಸವನ್ನು ಯಾಕೆ ಇಟ್ಟ ಅನ್ನುವುದು ಆ ಹೊತ್ತಿಗೆ ಬಿಸಿಲಿಗೆ ಕುಳಿತವರಿಗೆ ತಾನಾಗಿ ತಿಳಿಯುತ್ತದೆ.

ಉಡಿ ತುಂಬಿದವಳು ಹಿಂದಿನ ಸಾಲಿನ ಪ್ರಭಾ, ಶಾಲಾ ಮಾಸ್ತರರ ಹೆಂಡತಿ. ಅಕ್ಕಿ, ಎಲೆ ಅಡಿಕೆ, ಉತ್ತತ್ತಿ, ಕಿತ್ತಳೆಯ ಊರೆಂಬ ಹೆಸರು ಉಳಿಸಲೆಂದು ಒಂದು ಸಂತ್ರಾ ಹಣ್ಣು, ತ್ರಿಕೋನಾಕಾರಕ್ಕೆ ಮಡಿಸಿದ ಒಂದು ರವಿಕೆ ಖಣ. ನೀಲಾಂಬಿಕಾ ಅಕ್ಕಿಯನ್ನು ತಟ್ಟೆಗೆ ಸುರಿದು ಖಣದ ಮಡಿಕೆ ಬಿಚ್ಚಿದಳು.

ನೇರಳೆ ಬಣ್ಣದ ಒಡಲು. ಒಡಲ ತುಂಬ ಆನೆಹೆಜ್ಜೆಯ ಚುಕ್ಕಿ. ಎರಡೂ ಕಡೆ ಕೆಂಪು ಅಂಚು. ಬಿಸಿಲು ಬಿದ್ದ ಕಡೆ ನೇರಳೆಯೊಳಗಿಂದ ಕೆಂಪು ಹೊಳೆಯುತ್ತಿತ್ತು. ಬಟ್ಟೆಯ ತುದಿಯಲ್ಲಿ, ಅಡ್ಡಲಾಗಿ, ಮೂರು ಬಿಳಿ ಎಳೆ.

ಆಕೆಯ ಕೈ ನಿಂತಿತು.

ಆಕೆಯ ತವರು ಗುಳೇದಗುಡ್ಡದಲ್ಲಿ ನೂರಾರು ಮಗ್ಗಗಳಿವೆ. ಆದರೆ ಮಗ್ಗಕ್ಕೆ ಹೊಸ ಹಾಸುನೂಲು ಏರಿಸಿದಾಗಲೆಲ್ಲ ಮೊದಲ ಖಣದ ತುದಿಗೆ ವಿಭೂತಿಯ ಹಾಗೆ ಮೂರು ಬಿಳಿ ಎಳೆ ಹಾಯಿಸುತ್ತಿದ್ದವನು ಒಬ್ಬನೇ, ಆಕೆಯ ತಂದೆ ಗುರುಸಿದ್ದಪ್ಪ. ಆ ಮೊದಲ ಖಣವನ್ನು ಆತ ಮಾರುತ್ತಿರಲಿಲ್ಲ. ಲಿಂಗದ ಮುಂದೆ ಇಟ್ಟು, ಓಣಿಯ ಯಾರಾದರೊಬ್ಬ ಹೆಣ್ಣುಮಗಳಿಗೆ ಕುಬಸ ಹೊಲಿಸಿಕೊಳ್ಳಲು ಕೊಡುತ್ತಿದ್ದ. ಆತನ ಕೊನೆಯ ಹಾಸಿನ ಮೊದಲ ಖಣ ಮಗಳ ಜೊತೆ ನಾಗಪುರಕ್ಕೆ ಬಂದಿತ್ತು. ಬಂದ ವರ್ಷವೇ ನೀಲಾಂಬಿಕಾಗೆ ಟೈಫಾಯ್ಡ್ ಆಗಿ, ಮುಂದಿನ ಸಾಲಿನ ಮಹಾದೇವಮ್ಮ ಇಪ್ಪತ್ತು ದಿನ ಗಂಜಿ ಕಾಸಿ ಕುಡಿಸಿ ಬದುಕಿಸಿದ್ದಳು. ಎದ್ದು ಓಡಾಡುವಂತಾದ ಮೇಲೆ ನೀಲಾಂಬಿಕಾ ತನ್ನ ಪೆಟ್ಟಿಗೆಯಲ್ಲಿದ್ದ ಎಲ್ಲಕ್ಕಿಂತ ಮೇಲಾದದ್ದನ್ನು ತೆಗೆದು ಆ ತಾಯಿಯ ಉಡಿಗೆ ಹಾಕಿದಳು. ಅದೇ ಇದು. ಕೊಟ್ಟು ಮೂರು ವರ್ಷವಾಗಿತ್ತು. ತಂದೆ ತೀರಿಕೊಂಡು ಎರಡು.

ಉಡಿಯಲ್ಲಿ ಖಣ ಕೊಡುವಾಗ ಅದರ ಮೂಲೆಗೆ ಕುಂಕುಮ ಮುಟ್ಟಿಸಿ ಕೊಡುವುದು ರೂಢಿ. ನೀಲಾಂಬಿಕಾ ಮೂಲೆಯನ್ನು ಬಿಸಿಲಿಗೆ ಹಿಡಿದಳು. ಕುಂಕುಮದ ನಾಲ್ಕು ಬೊಟ್ಟು, ಒಂದರ ಬದಿಗೆ ಒಂದು. ಮಸುಕಾದ ಮೊದಲನೆಯದು ಆಕೆಯದೇ. ಹಸಿಯಾದ ಕೊನೆಯದು ಪ್ರಭಾಳದು. ನಡುವಿನ ಎರಡು ಯಾರವು? ಮಡಿಕೆಯ ಗೆರೆಗಳು ಬಟ್ಟೆಯಲ್ಲಿ ಕೊರೆದ ಹಾಗೆ ಕೂತಿದ್ದವು. ಡಾಂಬರು ಗುಳಿಗೆಯ ವಾಸನೆ ಬಿಟ್ಟರೆ ಮನುಷ್ಯರ ವಾಸನೆ ಅದಕ್ಕೆ ತಾಗಿರಲಿಲ್ಲ.

ಚಹಾ ಉಕ್ಕಿ ಕೆಂಡದ ಮೇಲೆ ಬಿತ್ತು. ಆಕೆ ಪಾತ್ರೆ ಇಳಿಸಿ, ಖಣವನ್ನು ಸೆರಗಿನೊಳಗೆ ಇಟ್ಟುಕೊಂಡು ಹೊರಟಳು.

ಪ್ರಭಾ ಅಂಗಳದಲ್ಲಿ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

"ಈ ಖಣ ಎಲ್ಲಿಂದ ತಂದಿ ಪ್ರಭಾ?"

"ಯಾಕ ನೀಲಕ್ಕ, ಹರದೈತೇನು?"

"ಹರಿಯಾಕ ಯಾರರ ತೊಟ್ಟಿರಬೇಕಲ್ಲ. ಎಲ್ಲಿಂದ ತಂದಿ ಹೇಳು."

ಪ್ರಭಾ ನಕ್ಕಳು. "ಖಣ ಯಾರರ ತರ್ತಾರೇನ? ಬರ್ತಾವು, ಹೋಗ್ತಾವು. ದಸರಾಕ್ಕ ಗೌರಮ್ಮಾರು ಹಾಕಿದ್ರು. ಬರೋಬರ್ ಇದ್ದದ್ದನ್ನ ನೋಡೇ ನಿನಗ ಕೊಟ್ಟೀನವ್ವ. ಕಡಿಮೀದು ಕೊಟ್ಟಿಲ್ಲ."

ಗೌರಮ್ಮ ಪೋಸ್ಟಿನವರ ಹೆಂಡತಿ. ಮೊಣಕಾಲ ನೋವಿನವಳು, ಹೊಸ್ತಿಲಲ್ಲಿ ಕಾಲು ಚಾಚಿ ಕುಳಿತಿದ್ದಳು. ಖಣ ನೋಡಿದ ಕೂಡಲೇ ಗುರುತು ಹಿಡಿದಳು.

"ಇದಾ? ಇದು ಮಹಾದೇವಮ್ಮ ನನ್ನ ಸೊಸಿ ಬಸರಿದ್ದಾಗ ತಂದದ್ದು. ನನಗರ ಇಂಥಾ ಬಣ್ಣ ಯಾಕ ಬೇಕು ತಂಗಿ, ಮುದುಕಿಗೆ? ಸೊಸಿ ಖಣ ತೊಡಂಗಿಲ್ಲ, ಆಕಿಗಿ ಸೀತಾಬರ್ಡಿ ಪ್ಯಾಟಿ ರೆಡಿಮೇಡ್ ಬೇಕು. ಎರಡು ವರ್ಷ ಪೆಟ್ಟಿಗ್ಯಾಗ ಜ್ವಾಕಿಯಿಂದ ಇಟ್ಟಿದ್ದೆ ನೋಡು, ಒಂದು ಹುಳ ಮುಟ್ಟಿಲ್ಲ."

"ಹುಳಕ್ಕರ ಕೊಟ್ಟಿದ್ರ ಚಲೋ ಇತ್ತರಿ," ಎಂದಳು ನೀಲಾಂಬಿಕಾ. "ಅದು ತಿಂದು ಹೊಟ್ಟಿ ತುಂಬಿಸ್ಕೊಂತಿತ್ತು."

ಉತ್ತರಕ್ಕೆ ಕಾಯದೆ ಮಹಾದೇವಮ್ಮನ ಮನೆಯತ್ತ ಹೊರಟಳು.

ಸಿಟ್ಟು ಬರುವುದು ಶರಣರಿಗೂ ತಪ್ಪಿಲ್ಲ. ಕೆಲವು ಸಿಟ್ಟು ಮೈಯಿಂದ ಹುಟ್ಟುತ್ತದೆ, ಚಹಾ ಕುಡಿದರೆ ಇಳಿಯುತ್ತದೆ. ಇದು ಹಾಗಿನದಲ್ಲ. ಒಬ್ಬ ಮನುಷ್ಯ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಕಣ್ಣು ಕಿರಿದು ಮಾಡಿ, ಎಳೆ ಎಳೆಗೂ ಶಿವನಾಮ ಸೇರಿಸಿ ನೇಯ್ದದ್ದನ್ನು ಮೂರು ಪೆಟ್ಟಿಗೆಗಳು ನುಂಗಿ ಉಗುಳಿದ್ದವು. ಮುಂದಿನ ಸಾಲು ಮುಟ್ಟುವ ಹೊತ್ತಿಗೆ ನೀಲಾಂಬಿಕಾಗೆ ಚಳಿಯ ಅರಿವೇ ಇರಲಿಲ್ಲ.

ಮಹಾದೇವಮ್ಮ ಹೆಡ್ ಕ್ಲಾರ್ಕರ ಹೆಂಡತಿ, ಕ್ವಾರ್ಟರ್ಸಿನ ಹನ್ನೆರಡು ಕನ್ನಡ ಮನೆಗಳಿಗೆ ಹಿರಿಯಳು. ಪೂಜೆ ಮುಗಿಸಿ ಹಣೆಯ ವಿಭೂತಿ ಆರುವ ಮೊದಲೇ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

"ಬಾ ನೀಲವ್ವ. ಇಷ್ಟ ಜಲ್ದಿ?"

ನೀಲಾಂಬಿಕಾ ಖಣವನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದಳು. "ಇದನ್ನ ನಿಮಗ ಯಾರು ಕೊಟ್ಟಿದ್ರು, ನೆನಪೈತೇನ್ರಿ?"

ಮಹಾದೇವಮ್ಮ ಹತ್ತಿರ ಬಂದು ನೋಡಿದಳು. ನೆನಪಾಯಿತು. ಮುಖ ಒಂದು ಗಳಿಗೆ ಸಣ್ಣದಾಯಿತು. ಆಮೇಲೆ ಸರಿಯಾಯಿತು.

"ಉಡಿಯಾಗ ಬಂದದ್ದು ಉಡಿಯಾಗ ಹೋಗ್ತೈತಿ. ಅದರಾಗ ತಪ್ಪೇನು? ನಮ್ಮವ್ವನೂ ಹಂಗ ಮಾಡ್ತಿದ್ಲು, ನಿಮ್ಮವ್ವನೂ ಮಾಡಿರ್ತಾಳ."

"ನಾ ನಿಮ್ಮ ಮನಿ ದಾಟಿ ಹೋಗಲಿ ಅಂತ ಕೊಟ್ಟಿರಲಿಲ್ಲರಿ. ನೀವು ತೊಟ್ಕೋಬೇಕು ಅಂತ ಕೊಟ್ಟಿದ್ದೆ. ನಮ್ಮಪ್ಪನ ಕೈದು ಅಂತ ಹೇಳೇ ಕೊಟ್ಟಿದ್ದೆ."

"ಅದಕ್ಕ ನೋಡು, ಹಂತಾದ್ದನ್ನ ಸುಮ್ಮ ಸುಮ್ಮನ ಹೆಂಗ ಹರೀಲಿ? ಮಂದಿಗಿ ಕೊಡಾಕ ಚಲೋದು ಬೇಕಲ್ಲ." ಮಹಾದೇವಮ್ಮ ಖಣದ ಅಂಚನ್ನು ಹೆಬ್ಬೆರಳಿನಿಂದ ಸವರಿದಳು. "ಹೊಳ್ಳಿ ನಿನಗ ಬಂತಲ್ಲ, ಒಂದು ಕೆಲಸ ಮಾಡು. ಸಂಕ್ರಮಣಕ್ಕ ಆಫೀಸಿನ ಸಾಯಬರ ಹೆಂಡತೀನ್ನ ಅರಿಶಿನ ಕುಂಕುಮಕ್ಕ ಕರದೀನಿ. ಆಕಿಗಿ ಹಾಕಾಕ ಇದ ಬೇಕು. ನಿನಗ ಬ್ಯಾರೆ ಎರಡು ಖಣ ಕೊಡ್ತೀನಿ, ತಗೋ. ಪೆಟ್ಟಿಗ್ಯಾಗ ಮೂವತ್ತು ಬಿದ್ದಾವು."

ಕೊಟ್ಟ ಉಡಿಯನ್ನು ತಿರುಗಿ ಕೇಳಿದವರನ್ನು ನೀಲಾಂಬಿಕಾ ಈವರೆಗೆ ಕಂಡಿರಲಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ಆಡಿಬಿಡಬೇಕು ಅನ್ನುವಷ್ಟರಲ್ಲಿ ಆಕೆಯ ಕಣ್ಣು ತಂತಿಯ ಮೇಲೆ ನೆಟ್ಟಿತು. ಅಲ್ಲಿ ಮಹಾದೇವಮ್ಮನ ಕುಬಸ ತೂಗುತ್ತಿತ್ತು. ಒಂದು ಕಾಲಕ್ಕೆ ಹಸಿರು ಇದ್ದಿರಬೇಕು. ಬಗಲಿಗೆ ಬೇರೆ ಬಟ್ಟೆಯ ತೇಪೆ, ಆ ತೇಪೆಯ ಮೇಲೆ ಇನ್ನೊಂದು. ಮೈಮೇಲಿದ್ದದ್ದೂ ಅದರ ತಂಗಿಯೇ.

ಮೂವತ್ತು ಖಣ ಪೆಟ್ಟಿಗೆಯಲ್ಲಿ. ಆಕೆಯ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಆದರೆ ಯಾರ ಮೇಲೆ ಬಂದಿತ್ತೋ ಅವರ ಪರವಾಗಿ ತಿರುಗಿ ನಿಂತಿತು.

"ಆತ್ರಿ," ಎಂದಳು. "ಸಂಕ್ರಮಣದ ದಿನ ಮುಂಜಾನೆ ತಂದು ಕೊಡ್ತೀನಿ. ಆ ಕುಬಸ ಒಂದಿಷ್ಟು ಕೊಡ್ರಿ, ಬಗಲು ಮತ್ತ ಬಿಟ್ಟೈತಿ. ಹೊಲಿದು ಕೊಡ್ತೀನಿ."

ಮನೆಗೆ ಬಂದಾಗ ಗಂಡ ಉಮಾಪತಿ ಮಫ್ಲರ್ ಸುತ್ತಿಕೊಂಡು ಆಫೀಸಿಗೆ ಹೊರಟು ನಿಂತಿದ್ದ. ವಿಷಯವೆಲ್ಲ ಕೇಳಿದ. ಕತ್ತರಿ ಹುಡುಕುತ್ತಿದ್ದ ಹೆಂಡತಿಯನ್ನು ನೋಡಿ ಬಾಗಿಲಲ್ಲೇ ಕುಳಿತ.

"ಅವರ ಯಜಮಾನ್ರು ನನ್ನ ಮ್ಯಾಲಿನವರು, ಅದು ನೆನಪಿರಲಿ."

"ಐತಿ."

"ಮತ್ತ ಅದು ನಿಮ್ಮಪ್ಪನ ಕಡೀ ಖಣ. ಹೆಂಗಿದ್ರೂ ಕೈಗಿ ಬಂದೈತಿ. ಕತ್ತರಿ ಹಾಕಬ್ಯಾಡ. ಪೆಟ್ಟಿಗ್ಯಾಗ ನೆನಪಿಗಿ ಇಟ್ಕೊ."

"ಹಂಗಂದ್ರ ಅವರಿಗೂ ನನಗೂ ಏನು ಫರಕ್ ಉಳೀತ್ರಿ? ಅವರ ಪೆಟ್ಟಿಗೀಕಿಂತ ನನ್ನ ಪೆಟ್ಟಿಗಿ ಹೆಚ್ಚಿಂದೇನು?"

ಉಮಾಪತಿ ಸೈಕಲ್ಲಿನ ಗಾಲಿಗೆ ಗಾಳಿ ಇದೆಯೋ ಇಲ್ಲವೋ ಎಂದು ಎರಡು ಸಲ ಒತ್ತಿ ನೋಡಿ ಹೊರಟುಹೋದ.

ಸಂಕ್ರಮಣಕ್ಕೆ ಉಳಿದ ನಾಲ್ಕು ಮುಂಜಾವುಗಳನ್ನು ನೀಲಾಂಬಿಕಾ ಬಿಸಿಲಿನಲ್ಲೇ ಕಳೆದಳು. ಮೊದಲ ದಿನ ಕತ್ತರಿ ಮುಟ್ಟಲಿಲ್ಲ. ನೀರು ಚಿಮುಕಿಸಿ, ಇಸ್ತ್ರಿಗೆ ಕೆಂಡ ತುಂಬಿ, ಮೂರು ವರ್ಷದ ಮಡಿಕೆಯ ಗೆರೆಗಳನ್ನು ಒಂದೊಂದಾಗಿ ಬಿಡಿಸಿದಳು. ಒದ್ದೆ ಬಿಸಿಯಲ್ಲಿ ಬಟ್ಟೆಯಿಂದ ನೂಲಿಗೆ ಹಾಕಿದ ಗಂಜಿಯ ವಾಸನೆ ಎದ್ದಿತು. ಅದು ತಂದೆಯ ಮನೆಯ ವಾಸನೆ. ಆಗ ಸ್ವಲ್ಪ ಅತ್ತಳು. ಎರಡನೆಯ ದಿನ ತೇಪೆಯ ಕುಬಸವನ್ನು ಖಣದ ಮೇಲೆ ಹರವಿ ಸುಣ್ಣದ ಕಡ್ಡಿಯಿಂದ ಗುರುತು ಹಾಕಿದಳು. ಕೆಂಪು ಅಂಚು ತೋಳಿನ ತುದಿಗೆ. ಮೂರು ಬಿಳಿ ಎಳೆ ಬೆನ್ನಿಗೆ, ಕೆಳಗೆ. ಬೆನ್ನಿಗೆ ಬಂದರೆ ತೊಟ್ಟವಳಿಗೆ ಕಾಣುವುದಿಲ್ಲ, ಹಿಂದೆ ಬರುವವರಿಗೆ ಕಾಣುತ್ತದೆ. ಲಿಂಗಕ್ಕೆ ಕೈಮುಗಿದು ಕತ್ತರಿ ಇಟ್ಟಳು. ಮೊದಲ ಕತ್ತರಿಗೆ ಬಟ್ಟೆ ಕರ್ರೆಂದಿತು. ಎದೆಯೂ ಅಂದಿತು. ಆಮೇಲೆ ಕೈ ತಾನಾಗಿ ನಡೆಯಿತು.

ಒಳ್ಳೆಯ ಬಟ್ಟೆಯನ್ನು ಹೊಲಿಯುವುದು ಒಂದು ಜಪ. ಸೂಜಿ ಎಲ್ಲಿ ಹೋಗಬೇಕು ಅನ್ನುವುದನ್ನು ಎಳೆಯೇ ತೋರಿಸುತ್ತದೆ. ಮಷೀನಿನ ಹಿಡಿಯನ್ನು ಬಲಗೈ ತಿರುಗಿಸುತ್ತಿದ್ದರೆ ಎಡಗೈಯ ಕೆಳಗೆ ನೇರಳೆ ಬಣ್ಣ ಸಣ್ಣ ಹೊಳೆಯಂತೆ ಹರಿಯುತ್ತಿತ್ತು. ಬೆನ್ನು ಬೆಚ್ಚಗೆ, ಬೆರಳು ತಣ್ಣಗೆ. ತೋಳು ಕೂಡಿಸುವಾಗ ಆಕೆ ಮಷೀನು ಬದಿಗಿಟ್ಟು ಕೈಹೊಲಿಗೆ ಹಾಕಿದಳು. ಸಿಟ್ಟು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂವತ್ತು ಖಣ ನೆನಪಾದಾಗಲೆಲ್ಲ ಹೊಲಿಗೆ ಇನ್ನಷ್ಟು ಒತ್ತೊತ್ತಾಗಿ ಬೀಳುತ್ತಿತ್ತು.

ಸಂಕ್ರಮಣದ ಮುಂಜಾನೆ ತಟ್ಟೆಯಲ್ಲಿ ಎಳ್ಳು ಬೆಲ್ಲ, ಅದರ ಮೇಲೆ ಕುಬಸ ಇಟ್ಟುಕೊಂಡು ಹೋದಳು. ಮಹಾದೇವಮ್ಮನ ಮನೆಯಲ್ಲಿ ಪ್ರಭಾ ಕಬ್ಬು ಕತ್ತರಿಸುತ್ತಿದ್ದಳು, ಗೌರಮ್ಮ ಬಾಳೆಹಣ್ಣು ಎಣಿಸುತ್ತಿದ್ದಳು.

ಮಹಾದೇವಮ್ಮ ಖಣದ ಮಡಿಕೆ ಎಂದುಕೊಂಡು ಎತ್ತಿದಳು. ಎರಡು ತೋಳು ಕೆಳಗೆ ಜೋತುಬಿದ್ದವು.

"ಏನವ್ವ ಇದು."

"ಕುಬಸರಿ. ನಿಮ್ಮ ಅಳತಿದು."

"ಕತ್ತರಿಸಿದೆ." ಮಹಾದೇವಮ್ಮ ಕುಬಸವನ್ನು ಬೆಳಕಿಗೆ ತಿರುಗಿಸಿ ನೋಡಿದಳು. "ಹಂತಾ ಖಣಾನ್ನ ಕತ್ತರಿಸಿದೆ. ಸಂಜಿಗಿ ಸಾಯಬರ ಹೆಂಡತಿ ಬರ್ತಾಳ, ಆಕಿ ಉಡಿಗಿ ಏನ ಹಾಕ್ಲಿ ನಾನು? ನನ್ನ ಮರ್ಯಾದಿ ಏನಾಗಬೇಕು?"

"ಮೂವತ್ತು ಅದಾವಲ್ಲರಿ."

"ಅವು ಇದರಂಗ ಅದಾವೇನು?"

"ಇಲ್ಲ ಅಂತ ನಿಮಗೂ ಗೊತ್ತೈತಿ. ಗೊತ್ತಿದ್ದೂ ಇಂಥಾದ್ದನ್ನ ಮಂದಿಗಿ ಕೊಟ್ಟು, ನೀವು ತೇಪಿ ಮ್ಯಾಲ ತೇಪಿ ಹಾಕ್ಕೊಂಡು ತಿರಗ್ತೀರಿ. ನಾ ಜ್ವರದಾಗ ಬಿದ್ದಾಗ ಗಂಜಿ ಕುಡಿಸಿದ್ದು ಸಾಯಬರ ಹೆಂಡತಿ ಅಲ್ಲರಿ. ನಮ್ಮಪ್ಪ ನೇದದ್ದು ಪೆಟ್ಟಿಗೀಗಲ್ಲ. ಈಗ ಇದನ್ನ ಯಾರ ಉಡಿಗಿ ಹಾಕ್ತೀರೋ ಹಾಕ್ರಿ, ನೋಡೂಣು. ನಿಮ್ಮ ಮೈ ಬಿಟ್ಟು ಇನ್ಯಾರಿಗೂ ಇದು ಕೂಡಂಗಿಲ್ಲ."

ಕಬ್ಬು ಕತ್ತರಿಸುವ ಸದ್ದು ನಿಂತಿತ್ತು. ಗೌರಮ್ಮ ಎಣಿಸಿದ ಬಾಳೆಹಣ್ಣನ್ನೇ ಮತ್ತೆ ಎಣಿಸತೊಡಗಿದಳು. ಮಹಾದೇವಮ್ಮ ಕುಬಸವನ್ನು ಮುದುಡಿ ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೂವರೂ ಬಾಗಿಲು ನೋಡುತ್ತ ಕುಳಿತರು. "ನಿನ್ನ ಗಂಡನ ಪ್ರಮೋಷನ್ ಹೋತು ನೋಡು," ಎಂದು ಪ್ರಭಾ ಪಿಸುಗುಟ್ಟಿದಳು. ನೀಲಾಂಬಿಕಾ ತಟ್ಟೆಯಲ್ಲಿ ಹರಡಿದ ಎಳ್ಳನ್ನು ಗುಡ್ಡೆ ಮಾಡಿದಳು.

ಬಾಗಿಲು ತೆರೆಯಿತು. ಮಹಾದೇವಮ್ಮ ಹೊರಗೆ ಬಂದಳು. ಮುಖದ ಮೇಲಿನ ಗಂಟು ಹಾಗೆಯೇ ಇತ್ತು, ಕಣ್ಣುಗಳು ಮಾತ್ರ ಕೆಂಪಾಗಿದ್ದವು. ನೇರಳೆ ಬಣ್ಣ ಆಕೆಯ ಗೋಧಿ ಮೈಗೆ ಎಷ್ಟು ಒಪ್ಪಿತ್ತೆಂದರೆ ಗೌರಮ್ಮ ಎಣಿಕೆ ಮರೆತಳು. ಯಾರನ್ನೂ ನೋಡದೆ ಮಹಾದೇವಮ್ಮ ಅಡುಗೆಮನೆಯತ್ತ ನಡೆದಾಗ ಬೆನ್ನ ಮೇಲೆ ಮೂರು ಬಿಳಿ ಎಳೆ ಕಂಡವು.

"ತೋಳು ಬಿಗಿ ಹೊಲದೀ," ಎಂದಳು ಅಲ್ಲಿಂದಲೇ, ಗದರಿಸುವ ದನಿಯಲ್ಲಿ. "ಕೈ ಮ್ಯಾಲ ಎತ್ತಾಕ ಬರವಲ್ದು."

"ಒಳಗ ಅರ್ಧ ಇಂಚು ಬಿಟ್ಟೀನ್ರಿ. ಬಿಚ್ಚಿ ಕೊಡ್ರಿ, ಈಗ ಸಡಲ ಮಾಡಿ ತರ್ತೀನಿ."

ಒಳಗೆ ಬೋಗುಣಿಯೊಂದು ಸದ್ದು ಮಾಡಿತು.

"ಏನ ಬ್ಯಾಡ," ಎಂದಳು ಮಹಾದೇವಮ್ಮ. "ಇವತ್ತ ಬಿಚ್ಚಂಗಿಲ್ಲ. ನಾಳೆ ಬಾ."